ಎರಡು ಟೆನೆಂಟ್, ಒಂದೇ ಲಾಗಿನ್: ‘ನಮ್ಮ ಪಾಸ್‌ವರ್ಡ್ ಪುಣೆಗೆ ಹೋಗುತ್ತಾ?’

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿ ನಮ್ಮದು. ಐಟಿ ವಿಭಾಗದಲ್ಲಿ ಇರುವುದು ಮೂರೇ ಜನ. ಸುಮಾರು 400 ಮಂದಿಗೆ ಮೈಕ್ರೋಸಾಫ್ಟ್ 365 ಖಾತೆ ಇದೆ. ಕಳೆದ ವರ್ಷ ಪುಣೆಯ ಸಮೂಹವೊಂದು ನಮ್ಮನ್ನು ಕೊಂಡುಕೊಂಡಿತು. ಅವರದು ಬೇರೆಯೇ ಟೆನೆಂಟ್, ಅಂದರೆ ಮೈಕ್ರೋಸಾಫ್ಟ್ ಸೇವೆಯಲ್ಲಿ ಒಂದು ಕಂಪನಿಯ ಖಾತೆಗಳಿಗೆಂದೇ ಇರುವ ಪ್ರತ್ಯೇಕ ಜಾಗ. ಅವರ ಪ್ರಯಾಣ ಭತ್ಯೆ ಪೋರ್ಟಲ್, ಖರೀದಿ ಪೋರ್ಟಲ್, ಶೇರ್‌ಪಾಯಿಂಟ್ ಮೂರನ್ನೂ ನಾವು ಬಳಸಬೇಕಾದ್ದರಿಂದ ನಮ್ಮ ಪ್ರತಿಯೊಬ್ಬರಿಗೂ ಅಲ್ಲೊಂದು ಐಡಿ ಮಾಡಿಕೊಟ್ಟಿದ್ದಾರೆ. ಎರಡನೇ ಪಾಸ್‌ವರ್ಡ್ ಮರೆತವರ ಫೋನಿಗೆ ಉತ್ತರಿಸುವುದರಲ್ಲೇ ನಮ್ಮ ದಿನ ಹೋಗುತ್ತಿದೆ. ‘ಫೆಡರೇಷನ್ ಮಾಡಿಬಿಡೋಣ’, ಅಂದರೆ ಒಂದು ಕಡೆಯ ಲಾಗಿನ್ ಅನ್ನು ಇನ್ನೊಂದು ಕಡೆಯೂ ಒಪ್ಪುವಂತೆ ಮಾಡೋಣ ಎಂದು ಪುಣೆಯವರು ಹೇಳುತ್ತಿದ್ದಾರೆ. ನಮ್ಮ ಎಂ.ಡಿ. ಅವರಿಗೆ ಮಾತ್ರ ಅನುಮಾನ: ನಮ್ಮ ಪಾಸ್‌ವರ್ಡ್ ಅವರ ಕೈಗೆ ಹೋಗುತ್ತಾ? ಅವರ ಕಡೆ ಹ್ಯಾಕ್ ಆದರೆ ನಾವೂ ಮುಳುಗುತ್ತೇವಾ? ಇದರ ಮಧ್ಯೆ ನಮ್ಮ ಲೈಸೆನ್ಸ್ ವೆಂಡರ್, ಎರಡೂ ಟೆನೆಂಟ್ ಸೇರಿಸಿ ಒಂದೇ ಮಾಡಿಬಿಡಿ, ತಲೆನೋವೇ ಇರುವುದಿಲ್ಲ ಎನ್ನುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ಎಂ.ಡಿ. ಅವರ ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ನಿಮ್ಮ ಉದ್ಯೋಗಿ ಪುಣೆಯ ಪೋರ್ಟಲ್ ತೆರೆದಾಗ ಅದು ಆತನನ್ನು ನಿಮ್ಮ ಟೆನೆಂಟಿನ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವುದು, ಫೋನಿನಲ್ಲಿ ಒಪ್ಪಿಗೆ ಒತ್ತುವುದು ಎಲ್ಲವೂ ಅಲ್ಲೇ ಮುಗಿಯುತ್ತದೆ. ಪುಣೆಗೆ ತಲುಪುವುದು, ‘ಈತ ಇಂಥವನು, ಇಷ್ಟು ಹೊತ್ತಿಗೆ ಹೀಗೆ ಲಾಗಿನ್ ಆದ’ ಎಂದು ನಿಮ್ಮ ಟೆನೆಂಟ್ ಸಹಿ ಹಾಕಿ ಕೊಟ್ಟ ದೃಢೀಕರಣ. ಅದನ್ನು ನಂಬಿ ಪುಣೆಯ ಟೆನೆಂಟ್ ತನ್ನ ಪೋರ್ಟಲ್‌ಗೆ ಬೇಕಾದ ಟೋಕನ್ ಅನ್ನು, ಅಂದರೆ ಪ್ರವೇಶದ ಡಿಜಿಟಲ್ ಚೀಟಿಯನ್ನು, ತಾನೇ ಕೊಡುತ್ತದೆ. ಇಂಥ ದೃಢೀಕರಣ ಕಳಿಸುವ ಕ್ರಮ ಹೇಳುವ ಸ್ಯಾಮ್‌ಲ್ 2.0 ಮಾನದಂಡ 2005ರಲ್ಲಿ, ಓಪನ್‌ಐಡಿ ಕನೆಕ್ಟ್ 2014ರಲ್ಲಿ ಬಂದವು. ಪಾಸ್‌ವರ್ಡ್ ಅನ್ನು ಎಲ್ಲೆಂದರಲ್ಲಿ ಕೊಡುವುದು ತಪ್ಪಬೇಕು ಎಂಬುದೇ ಇವುಗಳ ಹಿಂದಿನ ದೊಡ್ಡ ಕಾರಣ. ಹಾಗೆ ನೋಡಿದರೆ ಈಗಿನ ನಿಮ್ಮ ವ್ಯವಸ್ಥೆಯೇ ಹೆಚ್ಚು ಅಪಾಯದ್ದು. 400 ಜನರಲ್ಲಿ ಎಷ್ಟು ಮಂದಿ ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದಾರೆ ಎಂದು ನಿಮಗೂ ಗೊತ್ತಿಲ್ಲ, ಪುಣೆಯವರಿಗೂ ಗೊತ್ತಿಲ್ಲ.

ಇದು ಅಂಕಪಟ್ಟಿಯ ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿ ಸಹಿ, ಮೊಹರು ಹಾಕಿಕೊಟ್ಟ ಹಾಗೆ. ಅರ್ಜಿ ತೆಗೆದುಕೊಳ್ಳುವ ಕಚೇರಿ ಮೂಲ ಪ್ರತಿ ಕೇಳುವುದಿಲ್ಲ, ಮೊಹರು ನೋಡಿ ಒಪ್ಪುತ್ತದೆ. ಹಾಗಾಗಿ ಎಂ.ಡಿ. ಅವರು ವಿಚಾರಿಸಬೇಕಾದದ್ದು ಮೊಹರು ಯಾರ ಬಳಿ ಇರುತ್ತದೆ ಎಂಬುದನ್ನು. ಪುಣೆಯವರು ‘ಫೆಡರೇಷನ್’ ಎಂದಾಗ ಅವರ ಮನಸ್ಸಿನಲ್ಲಿ ಎರಡರಲ್ಲಿ ಯಾವ ಏರ್ಪಾಡಿದೆ ಎಂದು ಕೇಳಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಎರಡಕ್ಕೂ ಅಜಗಜಾಂತರ.

ಒಂದನೆಯದು, ನಾನು ಮೇಲೆ ಹೇಳಿದ್ದು. ನಿಮ್ಮವರ ಖಾತೆ ಮೈಸೂರಿನಲ್ಲೇ ಇರುತ್ತದೆ. ಪುಣೆಯ ಡೈರೆಕ್ಟರಿಯಲ್ಲಿ ಅವರ ಹೆಸರಿಗೆ ಒಂದು ನಮೂದು ಇರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಮೈಕ್ರೋಸಾಫ್ಟ್‌ನ ಖಾತೆ, ಲಾಗಿನ್ ನೋಡಿಕೊಳ್ಳುವ ಸೇವೆಯಾದ ಎಂಟ್ರಾದಲ್ಲಿ, ಅಂದರೆ 2023ರವರೆಗೆ ಅಜೂರ್ ಎಡಿ ಎಂದು ಕರೆಯುತ್ತಿದ್ದುದರಲ್ಲಿ, ಇದಕ್ಕೆ ಬಿಟುಬಿ ಎನ್ನುತ್ತಾರೆ. ಪುಣೆಯ ಅಡ್ಮಿನ್ ತಮ್ಮ ಪಟ್ಟಿ ತೆರೆದರೆ ನಿಮ್ಮವರ ಬಳಕೆದಾರ ಹೆಸರು ವಿಚಿತ್ರವಾಗಿ ಕಾಣುತ್ತದೆ: ಇಮೇಲಿನ @ ಇದ್ದ ಜಾಗದಲ್ಲಿ ಅಡಿಗೆರೆ, ಆಮೇಲೆ ‘#ಎಕ್ಸ್‌ಟಿ#’ ಎಂಬ ತುಂಡು, ಕೊನೆಯಲ್ಲಿ ಪುಣೆಯ ಟೆನೆಂಟಿಗೆ ಮೈಕ್ರೋಸಾಫ್ಟ್ ಕೊಟ್ಟ ಆನ್‌ಮೈಕ್ರೋಸಾಫ್ಟ್ ವಿಳಾಸ. ಮೊಹರು ನಿಮ್ಮ ಟೆನೆಂಟಿನದು.

ಎರಡನೆಯದು ಡೊಮೇನ್ ಫೆಡರೇಷನ್. ನಿಮ್ಮ ಇಮೇಲ್ ಡೊಮೇನಿನ ಲಾಗಿನ್ ಅನ್ನೇ ಪುಣೆಯವರು ತಾವೇ ನಡೆಸುವ ಎಡಿ ಎಫ್‌ಎಸ್ ಎಂಬ ಲಾಗಿನ್ ಸರ್ವರ್‌ಗೋ ಅವರು ಕೊಂಡಿರುವ ಇನ್ನಾವುದೋ ಲಾಗಿನ್ ಸೇವೆಗೋ ತಿರುಗಿಸಿಬಿಡುವುದು. ಆಗ ಮೈಸೂರಿನಲ್ಲಿ ಕೂತು ಮೈಸೂರಿನ ಮೇಲ್ ತೆರೆಯುವುದಕ್ಕೂ ಪುಣೆ ಮೊಹರು ಒತ್ತಬೇಕು. ಅವರ ಸರ್ವರ್ ಮಲಗಿದರೆ ನಿಮ್ಮ ಮೇಲ್‌ಗೆ ಹೊಸದಾಗಿ ಲಾಗಿನ್ ಆಗಲು ಯಾರಿಗೂ ಸಾಧ್ಯವಿಲ್ಲ. ಅವರ ಸಹಿಯ ಕೀ ಕಳುವಾದರೆ, ಕದ್ದವನು ನಿಮ್ಮ ಎಂ.ಡಿ. ಹೆಸರಿನಲ್ಲೇ ನಿಮ್ಮ ಟೆನೆಂಟಿಗೆ ಬರಬಲ್ಲ, ಪಾಸ್‌ವರ್ಡ್ ಗೊತ್ತಿರಬೇಕಾಗಿಯೂ ಇಲ್ಲ. ಇದು ಊಹೆಯ ಮಾತಲ್ಲ. ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕರು 2017ರಲ್ಲೇ ಈ ದಾಳಿಯನ್ನು ವಿವರಿಸಿ ‘ಗೋಲ್ಡನ್ ಸ್ಯಾಮ್‌ಲ್’ ಎಂದು ಹೆಸರಿಟ್ಟಿದ್ದರು. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಹ್ಯಾಕಿಂಗ್ ಪ್ರಕರಣದಲ್ಲಿ ಅದು ನಿಜವಾಗಿಯೇ ಬಳಕೆಯಾಯಿತು. ಪುಣೆಯವರು ಕೇಳುತ್ತಿರುವುದು ಇದನ್ನಾದರೆ, ಒಪ್ಪಬೇಡಿ ಎಂಬುದೇ ನನ್ನ ಸಲಹೆ. ಸಮೂಹದ ಆಡಳಿತ ಮಂಡಳಿಯೇ ತೀರ್ಮಾನಿಸಿ ಬೇರೆ ದಾರಿ ಇಲ್ಲವೆಂದಾದರೆ, ನಿಮ್ಮ ಆನ್‌ಮೈಕ್ರೋಸಾಫ್ಟ್ ಡೊಮೇನಿನಲ್ಲಿ ಎರಡು ತುರ್ತು ಅಡ್ಮಿನ್ ಖಾತೆ ಇಟ್ಟುಕೊಳ್ಳಿ, ಫೆಡರೇಷನ್ ಅವುಗಳನ್ನು ಮುಟ್ಟುವುದಿಲ್ಲ. ಅವಕ್ಕೆ ಹಾರ್ಡ್‌ವೇರ್ ಕೀ ಜೋಡಿಸಿ. ಅಡ್ಮಿನ್ ಪೋರ್ಟಲ್‌ಗಳಿಗೆ ಎಂಎಫ್‌ಎ (ಪಾಸ್‌ವರ್ಡ್ ಜೊತೆಗೆ ಫೋನ್, ಕೀಯಂಥ ಇನ್ನೊಂದು ಪುರಾವೆ) ಕಡ್ಡಾಯ ಮಾಡುವುದನ್ನು ಮೈಕ್ರೋಸಾಫ್ಟ್ 2024ರ ಅಕ್ಟೋಬರಿನಿಂದ ಶುರು ಮಾಡಿದೆ. ಬೀರುವಿನಲ್ಲಿ ಚೀಟಿ ಬರೆದಿಟ್ಟ ಪಾಸ್‌ವರ್ಡ್ ಒಂದರಿಂದಲೇ ಈಗ ಕೆಲಸ ನಡೆಯದು.

ಇನ್ನು ‘ಅವರು ಮುಳುಗಿದರೆ ನಾವೂ ಮುಳುಗುತ್ತೇವಾ’ ಎಂಬುದು. ಒಂದನೇ ಏರ್ಪಾಡಿನಲ್ಲಿ ನಂಬಿಕೆ ಒಂದೇ ದಿಕ್ಕಿನದು: ಪುಣೆ ನಿಮ್ಮನ್ನು ನಂಬುತ್ತದೆ. ಹಾಗಾಗಿ ಹೆದರಬೇಕಾದವರು ಅವರೇ. ನಿಮ್ಮ ಸ್ಟೋರ್ಸ್ ವಿಭಾಗದವರೊಬ್ಬರ ಖಾತೆ ಕಳುವಾದರೆ ಕಳ್ಳ ಅವರ ಖರೀದಿ ಪೋರ್ಟಲ್‌ಗೂ ಹೋಗುತ್ತಾನೆ. ಈ ದಿಕ್ಕು ತಿರುಗುವುದು ಬೇರೆ ಕಾರಣಕ್ಕೆ, ಮತ್ತು ನಾನು ನೋಡಿದ ವಿಲೀನಗಳಲ್ಲಿ ಬಹಳ ಸಲ ಆಗುವುದು ಅದೇ: ‘ಸ್ವಲ್ಪ ದಿನಕ್ಕೆ, ಸೆಟಪ್ ಮಾಡಲು’ ಎಂದು ದೊಡ್ಡ ಕಂಪನಿಯ ಇಬ್ಬರು ಮೂವರು ಅಡ್ಮಿನ್‌ಗಳನ್ನು ಸಣ್ಣ ಕಂಪನಿಯ ಟೆನೆಂಟಿನಲ್ಲಿ ಗೆಸ್ಟ್ ಆಗಿ ಸೇರಿಸಿ, ಇಡೀ ಟೆನೆಂಟಿನ ಮೇಲೆ ಹಿಡಿತ ಕೊಡುವ ಗ್ಲೋಬಲ್ ಅಡ್ಮಿನ್ ಅಧಿಕಾರ ಕೊಟ್ಟಿರುತ್ತಾರೆ. ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಇವತ್ತೇ ನಿಮ್ಮ ಗ್ಲೋಬಲ್ ಅಡ್ಮಿನ್ ಪಟ್ಟಿ ತೆಗೆದು, ಅದರಲ್ಲಿ ‘#ಎಕ್ಸ್‌ಟಿ#’ ಇರುವ ಹೆಸರಿದೆಯೇ ನೋಡಿ. ಪಕ್ಕದಲ್ಲೇ ಪಾರ್ಟ್‌ನರ್ ಸಂಬಂಧಗಳ ಪುಟವಿದೆ, ಅದನ್ನು ತೆರೆದು ನೋಡುವವರೇ ಕಡಿಮೆ. ನಿಮ್ಮ ಲೈಸೆನ್ಸ್ ವೆಂಡರ್‌ಗೆ ಎಷ್ಟು ಅಧಿಕಾರ ಹೋಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮರೆತುಹೋದ ಟೆನೆಂಟ್ ಏನು ಮಾಡಬಲ್ಲದು ಎಂಬುದಕ್ಕೆ 2024ರ ಜನವರಿಯಲ್ಲಿ ಸ್ವತಃ ಮೈಕ್ರೋಸಾಫ್ಟ್ ಹೇಳಿಕೊಂಡ ಘಟನೆ ಇದೆ. ‘ಮಿಡ್‌ನೈಟ್ ಬ್ಲಿಜರ್ಡ್’ ಎಂದು ಕರೆಯಲಾಗುವ ಗುಂಪು ಮೊದಲು ನುಗ್ಗಿದ್ದು ಅವರ ಹಳೆಯ ಪರೀಕ್ಷಾ ಟೆನೆಂಟಿಗೆ. ಎಂಎಫ್‌ಎ ಇಲ್ಲದ ಖಾತೆ, ಊಹಿಸಬಹುದಾದ ಪಾಸ್‌ವರ್ಡ್. ಆ ಟೆನೆಂಟಿನಲ್ಲಿದ್ದ ಹಳೆಯ ಟೆಸ್ಟ್ ಆ್ಯಪ್ ಒಂದಕ್ಕೆ ಕಂಪನಿಯ ಮುಖ್ಯ ಟೆನೆಂಟಿನಲ್ಲಿ ಭಾರೀ ಅಧಿಕಾರ ಉಳಿದುಬಿಟ್ಟಿತ್ತು. ಅಲ್ಲಿಂದ ಹಿರಿಯ ಅಧಿಕಾರಿಗಳ ಮೇಲ್‌ವರೆಗೆ ಹೋದರು. ಟೆನೆಂಟ್‌ಗಳ ನಡುವೆ ಮನುಷ್ಯರಷ್ಟೇ ಅಲ್ಲ, ಆ್ಯಪ್‌ಗಳೂ ಓಡಾಡುತ್ತವೆ. ಪುಣೆಯವರ ಯಾವ ಆ್ಯಪ್‌ಗೆ ನಿಮ್ಮ ಟೆನೆಂಟಿನಲ್ಲಿ ಯಾರು ಒಪ್ಪಿಗೆ ಕೊಟ್ಟಿದ್ದಾರೆ ಎಂಬುದನ್ನೂ ಎಂಟರ್‌ಪ್ರೈಸ್ ಆ್ಯಪ್‌ಗಳ ಪಟ್ಟಿಯಲ್ಲಿ ಒಮ್ಮೆ ನೋಡಿ.

‘ಎಸ್‌ಎಸ್‌ಒ (ಎಲ್ಲ ಕಡೆಗೂ ಒಂದೇ ಲಾಗಿನ್) ಮಾಡಿದರೆ ಎರಡೆರಡು ಸಲ ಎಂಎಫ್‌ಎ ಕೇಳುತ್ತದೆ’ ಎಂಬ ದೂರು ಅರ್ಧ ನಿಜ. ಪುಣೆಯವರು ತಮ್ಮ ಪೋರ್ಟಲ್‌ಗೆ ಎಂಎಫ್‌ಎ ಕಡ್ಡಾಯ ಮಾಡಿದ್ದರೆ, ಏನೂ ಬದಲಿಸದೆ ಬಿಟ್ಟಾಗ ನಿಮ್ಮವರು ಪುಣೆಯ ಟೆನೆಂಟಿನಲ್ಲಿ ಮತ್ತೊಮ್ಮೆ ಅಥೆಂಟಿಕೇಟರ್ ನೋಂದಾಯಿಸಬೇಕಾಗುತ್ತದೆ. ಕ್ರಾಸ್-ಟೆನೆಂಟ್ ಆ್ಯಕ್ಸೆಸ್ ಸೆಟಿಂಗ್‌ನಲ್ಲಿ ಪುಣೆಯವರು ‘ಮೈಸೂರು ಟೆನೆಂಟಿನ ಎಂಎಫ್‌ಎಯನ್ನು ನಂಬು’ ಎಂದು ಆರಿಸಿದರೆ ಈ ತೊಂದರೆ ಹೋಗುತ್ತದೆ. ಲ್ಯಾಪ್‌ಟಾಪಿನ ಸುಸ್ಥಿತಿಯ ಬಗ್ಗೆಯೂ ಇದೇ ರೀತಿ ನಂಬಬಹುದು. ಆದರೆ ಪುಣೆಯವರು ಒಪ್ಪುವ ಮೊದಲು ನಿಮ್ಮಲ್ಲಿ ಎಂಎಫ್‌ಎ ಹೇಗಿದೆ ಎಂದು ಕೇಳಿಯೇ ಕೇಳುತ್ತಾರೆ, ಕೇಳಲೇಬೇಕು. ಶಾಪ್ ಫ್ಲೋರಿನಲ್ಲಿ ನಾಲ್ಕು ಜನ ಹಂಚಿಕೊಳ್ಳುವ ಒಂದು ಖಾತೆ, ಸೂಪರ್‌ವೈಸರ್ ಫೋನಿಗೆ ಬರುವ ಒಟಿಪಿ, ಇಂಥವು ಇದ್ದರೆ ಮೊದಲು ಅವನ್ನು ಸರಿಮಾಡಿ. ಇಲ್ಲದಿದ್ದರೆ ನಿಮ್ಮ ಸಡಿಲವನ್ನೇ ಪುಣೆಗೂ ರವಾನಿಸಿದ ಹಾಗಾಗುತ್ತದೆ.

ಎಲ್ಲರೂ ಸಲೀಸಾಗಿ ನಂಬುವ ಇನ್ನೊಂದು ಮಾತು: ಉದ್ಯೋಗಿ ಬಿಟ್ಟ ದಿನ ಮೈಸೂರಿನಲ್ಲಿ ಖಾತೆ ನಿಲ್ಲಿಸಿದರೆ ಎಲ್ಲ ಕಡೆಯೂ ಬಾಗಿಲು ಮುಚ್ಚಿತು. ಹೊಸದಾಗಿ ಲಾಗಿನ್ ಆಗಲು ಸಾಧ್ಯವಿಲ್ಲ ಎಂಬಷ್ಟು ಸರಿ. ಆದರೆ ಆಗಲೇ ಪಡೆದ ಆ್ಯಕ್ಸೆಸ್ ಟೋಕನ್ ಸಾಮಾನ್ಯವಾಗಿ 60ರಿಂದ 90 ನಿಮಿಷ ಬದುಕಿರುತ್ತದೆ. ಖರೀದಿ ಪೋರ್ಟಲ್ ಲಾಗಿನ್ ನೆನಪಿಡಲು ತನ್ನದೇ ಸೆಷನ್ ಕುಕೀ ಇಟ್ಟುಕೊಂಡಿದ್ದರೆ ಅದು ದಿನಗಟ್ಟಲೆ ಬಾಳಬಹುದು. ಇದಕ್ಕಿಂತ ಕೆಟ್ಟದ್ದು, ಎಸ್‌ಎಸ್‌ಒ ಬಂದ ಮೇಲೂ ಪೋರ್ಟಲಿನ ಹಳೆಯ ಪಾಸ್‌ವರ್ಡ್ ಲಾಗಿನ್ ಹಾಗೇ ಉಳಿದಿರುವುದು. ಮುಂಬಾಗಿಲಿಗೆ ಎಂಎಫ್‌ಎ, ಹಿತ್ತಲ ಬಾಗಿಲು ತೆರೆದೇ ಇದೆ. ‘ಸ್ಥಳೀಯ ಪಾಸ್‌ವರ್ಡ್ ಲಾಗಿನ್ ಯಾವ ದಿನ ಬಂದ್ ಮಾಡುತ್ತೀರಿ’ ಎಂಬ ಪ್ರಶ್ನೆಗೆ ಪುಣೆಯಿಂದ ದಿನಾಂಕ ಬರದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ.

ಕೈಯಿಂದ ಗೆಸ್ಟ್ ಆಹ್ವಾನ ಕಳಿಸುವುದು ಹತ್ತು ಹದಿನೈದು ಜನಕ್ಕೆ ಸಾಕು, 400 ಜನಕ್ಕೆ ಆಗದ ಮಾತು. ಆಹ್ವಾನ ಕಳಿಸುವವರಿಗೆ ಉತ್ಸಾಹ ಇರುತ್ತದೆ, ಬಿಟ್ಟುಹೋದವರನ್ನು ತೆಗೆಯುವವರು ಯಾರೂ ಇರುವುದಿಲ್ಲ. ಮೂಲ ಸೆಟಿಂಗ್ ಬದಲಿಸದಿದ್ದರೆ ಗೆಸ್ಟ್ ಆಗಿ ಬಂದವರೂ ಇನ್ನೊಬ್ಬ ಗೆಸ್ಟ್‌ನನ್ನು ಕರೆಯಬಹುದು.

ನಿಮ್ಮ ಗಾತ್ರದ ಕಂಪನಿಗೆ ನಾನು ಹೇಳುವುದು ಕ್ರಾಸ್-ಟೆನೆಂಟ್ ಸಿಂಕ್. 2023ರಲ್ಲಿ ಎಲ್ಲರ ಬಳಕೆಗೆ ಬಂದ ಸೌಲಭ್ಯ ಇದು. ಮೈಸೂರಿನಲ್ಲಿ ನೀವೊಂದು ಗ್ರೂಪ್ ಮಾಡುತ್ತೀರಿ. ಅದರಲ್ಲಿ ಇರುವವರ ನಮೂದನ್ನು ನಿಮ್ಮ ಟೆನೆಂಟೇ ಪುಣೆಗೆ ಕಳಿಸುತ್ತದೆ. ಪ್ರತಿ 40 ನಿಮಿಷಕ್ಕೊಮ್ಮೆ ಬದಲಾವಣೆ ಹೋಗುತ್ತದೆ. ಗ್ರೂಪಿನಿಂದ ತೆಗೆದರೆ ಪುಣೆಯಲ್ಲಿ ಆ ನಮೂದು ಅಳಿಸಿಹೋಗುತ್ತದೆ, 30 ದಿನದೊಳಗೆ ಬೇಕೆಂದರೆ ಮರಳಿ ತರಬಹುದು. ಎಂ.ಡಿ. ಅವರಿಗೆ ಇದರಲ್ಲಿ ಹಿಡಿಸುವ ಸಂಗತಿ, ಯಾರನ್ನು ಕಳಿಸಬೇಕು, ಯಾರ ಯಾವ ವಿವರ ಕಳಿಸಬೇಕು ಎಂಬ ತೀರ್ಮಾನ ನಿಮ್ಮದು. ಪುಣೆಯವರು ‘ಬರಲಿ’ ಎಂದು ಒಪ್ಪಬೇಕು ಅಷ್ಟೆ. ಹೆಸರು, ಇಮೇಲ್, ವಿಭಾಗ ಸಾಕು. ಪೂರ್ವನಿಗದಿ ಪಟ್ಟಿಯಲ್ಲಿ ಬರುವ ಮೊಬೈಲ್ ಸಂಖ್ಯೆಯಂಥವನ್ನು ಬೇಕಿಲ್ಲದಿದ್ದರೆ ತೆಗೆದುಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಇದನ್ನು ಏಕೆ ಕಳಿಸಿದಿರಿ ಎಂದು ಕೇಳಿದರೆ ಉತ್ತರ ಇರಬೇಕು. ಸಿಂಕ್ ಆಗುವವರಿಗೆ ನಿಮ್ಮ ಕಡೆ ಎಂಟ್ರಾ ಪಿ1 ಲೈಸೆನ್ಸ್ ಬೇಕು. ಮೈಕ್ರೋಸಾಫ್ಟ್ 365ರ ಇ3, ಎಫ್3 ಪ್ಲಾನ್‌ಗಳಲ್ಲಿ ಅದು ಸೇರಿಯೇ ಬರುತ್ತದೆ. ವೆಂಡರ್ ಅದನ್ನೇ ಪ್ರತ್ಯೇಕವಾಗಿ ಮಾರಲು ಬಂದರೆ ಹುಷಾರು.

ಸಿಂಕ್ ಆದವರು ಪುಣೆಯಲ್ಲಿ ಗೆಸ್ಟ್ ಬದಲು ಮೆಂಬರ್ ಆಗಿ ಸೇರುತ್ತಾರೆ, ಪೂರ್ವನಿಗದಿ ಹಾಗಿದೆ. ಸಮೂಹದೊಳಗೆ ‘ಎಲ್ಲರಿಗೂ’ ಎಂದು ಸಡಿಲವಾಗಿ ಹಂಚಿಟ್ಟ ಕಡತಗಳು ನಿಮ್ಮವರಿಗೂ ಕಾಣಲು ಶುರುವಾಗಬಹುದು. ಅದು ಪುಣೆಯವರ ತಲೆನೋವಾದರೂ ಮುಂಚೆಯೇ ಹೇಳಿಬಿಡಿ. ಆಮೇಲೆ ಸಂಬಳದ ಶೀಟ್ ಯಾರೋ ನೋಡಿದರೆಂದು ಮಾತು ನಿಮ್ಮ ಮೇಲೇ ಬರುತ್ತದೆ.

ಇಷ್ಟರವರೆಗಿನದು ಎರಡು ದಿನದ ಕೆಲಸ. ನಿಮ್ಮ ನಿಜವಾದ ಕಷ್ಟ ಇರುವುದು ಪುಣೆಯಲ್ಲಿ ಆಗಲೇ ಮಾಡಿಟ್ಟಿರುವ ಆ 400 ಎರಡನೇ ಐಡಿಗಳಲ್ಲಿ. ಒಂದು ವರ್ಷದ ಕ್ಲೇಮ್‌ಗಳು, ಅನುಮೋದನೆಗಳು, ಶೇರ್‌ಪಾಯಿಂಟ್ ಹಕ್ಕುಗಳು ಎಲ್ಲವೂ ಆ ಐಡಿಗಳಿಗೆ ಅಂಟಿಕೊಂಡಿವೆ. ಸಿಂಕ್‌ಗೆ ಅವುಗಳ ಪರಿಚಯವೇ ಇಲ್ಲ. ಹಾಗೇ ಶುರು ಮಾಡಿದರೆ ಪ್ರತಿಯೊಬ್ಬರಿಗೂ ಪುಣೆಯಲ್ಲಿ ಎರಡೆರಡು ನಮೂದಾಗುತ್ತವೆ. ಟೀಮ್ಸ್‌ನಲ್ಲಿ ಹೆಸರು ಹುಡುಕಿದರೆ ಇಬ್ಬರು ಕಾಣುತ್ತಾರೆ, ಒಬ್ಬರಿಗೆ ಕಳಿಸಿದ್ದು ಯಾರೂ ನೋಡದ ಪೆಟ್ಟಿಗೆಗೆ ಬೀಳುತ್ತದೆ, ಬಾಕಿ ಕ್ಲೇಮ್ ಹಳೆಯ ಐಡಿಯಲ್ಲೇ ಉಳಿಯುತ್ತದೆ. ಇದಕ್ಕೆ ಎಂಟ್ರಾದಲ್ಲೇ ಪರಿಹಾರವಿದೆ. ಪುಣೆಯ ಒಳಗಿನ ಖಾತೆಯನ್ನು ಬಿಟುಬಿ ಖಾತೆಯಾಗಿ ಬದಲಿಸಬಹುದು. ಅದರ ಆಬ್ಜೆಕ್ಟ್ ಐಡಿ (ಆ ನಮೂದಿನ ಬದಲಾಗದ ಗುರುತು ಸಂಖ್ಯೆ), ಗ್ರೂಪ್ ಸದಸ್ಯತ್ವ, ಆ್ಯಪ್ ಹಕ್ಕು ಹಾಗೇ ಉಳಿಯುತ್ತವೆ. ಲಾಗಿನ್ ಮಾತ್ರ ಮೈಸೂರಿನಿಂದ ನಡೆಯುತ್ತದೆ. ಮೊದಲು ಈ ಬದಲಾವಣೆ, ಆಮೇಲೆ ಸಿಂಕ್. ಈ ಕ್ರಮ ತಪ್ಪಬಾರದು.

ಯಾವ ಐಡಿ ಯಾರದು ಎಂದು ಹೊಂದಿಸುವಾಗ ಹೆಸರನ್ನಾಗಲಿ ಇಮೇಲನ್ನಾಗಲಿ ನಂಬಿ ಕೂರಬೇಡಿ. ಎಚ್‌ಆರ್‌ನವರ ಉದ್ಯೋಗಿ ಸಂಖ್ಯೆ ಇಟ್ಟುಕೊಂಡು ಹೊಂದಿಸಿ. ನಿಮ್ಮಲ್ಲಿ ಒಬ್ಬ ರಮೇಶ್ ಕೆ. ಕೆಲಸ ಬಿಟ್ಟು, ಅದೇ ಇಮೇಲ್ ವಿಳಾಸ ಹೊಸದಾಗಿ ಸೇರಿದ ಇನ್ನೊಬ್ಬ ರಮೇಶ್ ಕೆ.ಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಖರೀದಿ ಪೋರ್ಟಲ್ ಇಮೇಲ್ ನೋಡಿಯೇ ಗುರುತು ಹಿಡಿಯುವುದಾದರೆ, ಹೊಸಬನಿಗೆ ಹಳಬನ ಅನುಮೋದನೆಯ ಅಧಿಕಾರ ಮೊದಲ ದಿನವೇ ಸಿಗುತ್ತದೆ. ಇದರ ದುರುಪಯೋಗದ ರೂಪವೂ ಇದೆ. ಟೋಕನ್ನಿನಲ್ಲಿ ಬರುವ ಇಮೇಲನ್ನು ಇನ್ನೊಂದು ಟೆನೆಂಟಿನ ಅಡ್ಮಿನ್ ತನಗೆ ಬೇಕಾದಂತೆ ಬದಲಿಸಬಹುದೆಂದೂ, ಅದನ್ನೇ ಗುರುತಾಗಿ ನಂಬುವ ಆ್ಯಪ್‌ಗಳಲ್ಲಿ ಬೇರೆಯವರ ಖಾತೆ ಹೊಕ್ಕಬಹುದೆಂದೂ ಡೆಸ್ಕೋಪ್ ಸಂಸ್ಥೆ 2023ರ ಜೂನ್‌ನಲ್ಲಿ ತೋರಿಸಿತು. ಆ್ಯಪ್ ನೋಡಬೇಕಾದದ್ದು ಟೆನೆಂಟ್ ಐಡಿ ಮತ್ತು ಆಬ್ಜೆಕ್ಟ್ ಐಡಿ ಎರಡನ್ನೂ ಸೇರಿಸಿ. ಪೋರ್ಟಲ್ ಮಾಡಿಕೊಟ್ಟ ವೆಂಡರ್‌ಗೆ ಈ ಒಂದು ಪ್ರಶ್ನೆ ಕೇಳಿ, ತಡವರಿಸಿದರೆ ಅಲ್ಲಿಯೇ ನಿಲ್ಲಿಸಿ.

ಪೈಲಟ್‌ಗೆ ಐಟಿಯವರನ್ನೇ ಆರಿಸಿಕೊಳ್ಳುವುದು ಎಲ್ಲರ ಅಭ್ಯಾಸ. ಅದರಿಂದ ಏನೂ ತಿಳಿಯುವುದಿಲ್ಲ. ಮದುವೆಯ ನಂತರ ಹೆಸರು ಬದಲಾಯಿಸಿಕೊಂಡವರು, ಗುತ್ತಿಗೆಯಿಂದ ಕಾಯಂ ಆದವರು, ಹಂಚಿಕೆಯ ಕಂಪ್ಯೂಟರ್ ಬಳಸುವ ಶಿಫ್ಟ್ ಇನ್‌ಚಾರ್ಜ್, ಇವರನ್ನು ಮೊದಲು ಹಾಕಿ. ಪರದೆಯಲ್ಲಿ ಎಎಡಿಎಸ್‌ಟಿಎಸ್ 50020 ಎಂಬ ದೋಷ ಸಂಖ್ಯೆ ಬಂದರೆ ಆ ವ್ಯಕ್ತಿಯ ನಮೂದು ಪುಣೆಯಲ್ಲಿ ಇಲ್ಲ ಎಂದರ್ಥ. 50105 ಬಂದರೆ ನಮೂದಿದೆ, ಆ ಆ್ಯಪ್‌ಗೆ ಹಕ್ಕು ಕೊಟ್ಟಿಲ್ಲ. ಈ ಎರಡು ಸಂಖ್ಯೆಯನ್ನು ಹೆಲ್ಪ್‌ಡೆಸ್ಕ್ ಗೋಡೆಗೆ ಅಂಟಿಸಿದರೆ ಅನೇಕ ಕರೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಟೆನೆಂಟ್ ಒಂದೇ ಮಾಡಿಬಿಡಿ ಎಂಬ ವೆಂಡರ್ ಸಲಹೆ ತಪ್ಪೆಂದು ನಾನು ಹೇಳುವುದಿಲ್ಲ. ಸಮೂಹ ಹೇಗೂ ಒಂದೇ ಹೆಸರು, ಒಂದೇ ಮೇಲ್ ಡೊಮೇನ್‌ಗೆ ಹೋಗುವುದು ಖಚಿತವಾಗಿದ್ದರೆ ಕೊನೆಗೆ ಮಾಡಬೇಕಾದದ್ದು ಅದೇ. ಆದರೆ ಅದು ‘ತಲೆನೋವೇ ಇಲ್ಲ’ದ ಕೆಲಸವಂತೂ ಅಲ್ಲ. ಒಂದು ಡೊಮೇನ್ ಒಂದು ಸಮಯಕ್ಕೆ ಒಂದೇ ಟೆನೆಂಟಿನಲ್ಲಿ ಇರಬಹುದು. ಹಾಗಾಗಿ ನಿಮ್ಮ ಡೊಮೇನನ್ನು ಮೈಸೂರಿನ ಪ್ರತಿಯೊಂದು ಖಾತೆ, ಗ್ರೂಪ್, ಮೇಲ್‌ಬಾಕ್ಸ್‌ನಿಂದ ಬಿಡಿಸಿ ತೆಗೆದು ಪುಣೆಯಲ್ಲಿ ಸೇರಿಸಬೇಕು. ನಡುವೆ ಬರುವ ಮೇಲ್‌ಗೆ ಬೇರೆ ವ್ಯವಸ್ಥೆ ಬೇಕು. ಎಂಟ್ರಾಕ್ಕೆ ಸೇರಿಸಿದ ಪ್ರತಿ ಲ್ಯಾಪ್‌ಟಾಪ್ ಬಿಡಿಸಿ ಮತ್ತೆ ಸೇರಿಸಬೇಕು. ಒನ್‌ಡ್ರೈವ್‌ನಲ್ಲಿ ಹಂಚಿದ ಲಿಂಕ್‌ಗಳು ಒಡೆಯುತ್ತವೆ, ಟೀಮ್ಸ್ ಚಾಟ್ ಪೂರ್ತಿಯಾಗಿ ಬರುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಬರೆದು ಕೊಡಿ ಎನ್ನಿ. ಇನ್ನೊಂದು ಸಂಗತಿಯನ್ನು ವೆಂಡರ್ ಹೇಳುವುದಿಲ್ಲ: ಮುಂದೆ ಸಮೂಹ ನಿಮ್ಮನ್ನು ಇನ್ನೊಬ್ಬರಿಗೆ ಮಾರಿದರೆ, ಸೇರಿಸಿದ್ದನ್ನು ಬಿಡಿಸುವುದು ಸೇರಿಸಿದ್ದಕ್ಕಿಂತ ಕಷ್ಟ. ಮೂರು ಜನರ ತಂಡ ಇಟ್ಟುಕೊಂಡು ಪಾಸ್‌ವರ್ಡ್ ಕರೆ ತಪ್ಪಿಸಲೆಂದೇ ಇದಕ್ಕೆ ಕೈ ಹಾಕಬೇಡಿ.

ಪುಣೆಯೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆಯ ಬಗ್ಗೆ ಎರಡು ಸಾಲು ಬರೆಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಅದರಲ್ಲಿ ಪಟ್ಟಿ ಮಾಡಿದ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಂಟ್ರಾ ಪಿ1ನಲ್ಲಿ ಲಾಗಿನ್ ದಾಖಲೆ ತಾನಾಗಿ ಉಳಿಯುವುದು 30 ದಿನ ಮಾತ್ರ, ಉಳಿದದ್ದನ್ನು ನೀವೇ ಸ್ಟೋರೇಜ್‌ಗೆ ಕಳಿಸಿ ಇಟ್ಟುಕೊಳ್ಳಬೇಕು. ನಿಮ್ಮ ಉದ್ಯೋಗಿ ಪುಣೆಯ ಪೋರ್ಟಲಿನ ಒಳಗೆ ಹೋಗಿ ಏನು ಮಾಡಿದ ಎಂಬುದು ಅವರ ಬಳಿ ಮಾತ್ರ ಇರುತ್ತದೆ. ಘಟನೆ ಆದ ದಿನ ಯಾರು ಯಾರಿಗೆ ಫೋನ್ ಮಾಡಬೇಕು, ಲಾಗ್ ಎಷ್ಟು ಹೊತ್ತಿನಲ್ಲಿ ಕೊಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. 2023ರಲ್ಲಿ ಮೈಕ್ರೋಸಾಫ್ಟ್‌ನ ಸಹಿಯ ಕೀ ಒಂದನ್ನು ಬಳಸಿ ದಾಳಿಕೋರರು ಸುಮಾರು 25 ಸಂಸ್ಥೆಗಳ ಮೇಲ್ ಓದಿದ್ದು ಮೊದಲು ಗೊತ್ತಾದದ್ದು ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಲಾಗ್ ನೋಡುತ್ತಿದ್ದುದರಿಂದ.

ಖರೀದಿ ಪೋರ್ಟಲ್ ಸ್ಯಾಮ್‌ಲ್ ಮೇಲೆ ನಡೆಯುವುದಾದರೆ ಅದರ ಸಹಿಯ ಸರ್ಟಿಫಿಕೇಟ್‌ಗೆ ಎಂಟ್ರಾ ಕೊಡುವ ಪೂರ್ವನಿಗದಿ ಅವಧಿ 3 ವರ್ಷ. ಮುಗಿಯುವ 60, 30 ಮತ್ತು 7 ದಿನ ಮುಂಚೆ ಎಚ್ಚರಿಕೆಯ ಮೇಲ್ ಬರುತ್ತದೆ. ಬರುವುದು ಆ ಆ್ಯಪ್ ಅನ್ನು ಮೊದಲು ಸೆಟಪ್ ಮಾಡಿದವರ ವಿಳಾಸಕ್ಕೆ. ಅಷ್ಟರಲ್ಲಿ ಆ ವ್ಯಕ್ತಿ ಕೆಲಸ ಬಿಟ್ಟಿರುತ್ತಾನೆ, ಒಂದು ಸೋಮವಾರ ಬೆಳಿಗ್ಗೆ ಯಾರಿಗೂ ಪೋರ್ಟಲ್ ತೆರೆಯುವುದಿಲ್ಲ. ಆ ಜಾಗದಲ್ಲಿ ಒಬ್ಬರ ವಿಳಾಸದ ಬದಲು ಪುಣೆಯ ಐಟಿ ತಂಡದ ಗ್ರೂಪ್ ವಿಳಾಸ ಹಾಕಿಸಿ, ಜೊತೆಗೆ ನಿಮ್ಮ ಹೆಲ್ಪ್‌ಡೆಸ್ಕ್ ವಿಳಾಸವನ್ನೂ ಸೇರಿಸಲು ಹೇಳಿ.